ಸೂಪಿನ ಬಟ್ಟಲಿಗೆ ಬಿದ್ದ ವೈನು

ಭಾನುವಾರದ ಊಟಕ್ಕೆ ತನ್ನ ವೈನಿನ ಮೊದಲ ಬಾಟಲಿಯನ್ನು ನೆಲಮಾಳಿಗೆಯಿಂದ ತಂದು ಅಗಾತಾ ಮೇಜಿನ ಮೇಲಿಟ್ಟಳು. ಗುಡ್ಡದ ನೆತ್ತಿಯ ದ್ರಾಕ್ಷಿತೋಟ ಉಳಿಯುತ್ತದೋ ಇಲ್ಲವೋ ಎನ್ನುವುದು ಇವತ್ತು ಮಾವ ಸೆಕೊಂದೊನ ನಾಲಗೆಯ ಮೇಲಿತ್ತು.

ಉತ್ತರ ಇಟಲಿಯ ಲಾಂಗೆ ಗುಡ್ಡಗಳಲ್ಲಿ ಅಷ್ಟು ಕಡಿದಾದ ತೋಟ ಇನ್ನೊಂದಿರಲಿಲ್ಲವೇನೋ. ಟ್ರ್ಯಾಕ್ಟರು ಹತ್ತುವುದಿಲ್ಲ, ಕೊಯ್ದ ಹಣ್ಣನ್ನು ಬೆನ್ನಮೇಲೆ ಹೊತ್ತು, ಒಂದೊಂದೇ ಹೆಜ್ಜೆ ಊರಿ ಇಳಿಯಬೇಕು. ಸೆಕೊಂದೊನ ಮಂಡಿ ಯಾವಾಗಲೋ ಕೈಕೊಟ್ಟಿತ್ತು. ಬಳ್ಳಿ ಕಿತ್ತು, ಸುತ್ತಲಿನವರಂತೆ ತಾನೂ ಚಾಕಲೇಟಿಗೆ ಹೋಗುವ ಹೇಜಲ್‌ನಟ್ ಗಿಡ ನೆಡುತ್ತೇನೆ ಎಂದಿದ್ದ.

"ಮಾವ, ಒಂದು ಸುಗ್ಗಿ ನನಗೆ ಬಿಟ್ಟುಕೊಡಿ," ಎಂದು ಅಗಾತಾ ಕೇಳಿಕೊಂಡಿದ್ದಳು. "ಆ ತೋಟದ ಹಣ್ಣನ್ನ ಬೇರೆ ಯಾವುದಕ್ಕೂ ಬೆರೆಸದೆ ವೈನ್ ಮಾಡ್ತೀನಿ. ಕುಡಿದು ನೋಡಿ, ಆಮೇಲೆ ಬೇಕಾದ್ರೆ ಕೀಳಿಸಿ."

"ನೀನು ಸಿಸಿಲಿಯ ಸಮುದ್ರದ ದಂಡೆಯವಳು. ಇದೇನು ಮೀನು ಹಿಡಿದ ಹಾಗೆ ಅಂದ್ಕೊಂಡ್ಯಾ?"

"ಮೀನಾದ್ರೆ ತಪ್ಪಿಸಿಕೊಂಡು ಓಡುತ್ತೆ ಮಾವ. ದ್ರಾಕ್ಷಿ ಎಲ್ಲಿಗೆ ಓಡುತ್ತೆ?"

ಸೆಕೊಂದೊ ನಕ್ಕುಬಿಟ್ಟಿದ್ದ. ನಕ್ಕಮೇಲೆ ಇಲ್ಲವೆನ್ನಲು ಅವನಿಗೆ ಬರುತ್ತಿರಲಿಲ್ಲ. ಆ ಸುಗ್ಗಿಯುದ್ದಕ್ಕೂ ಅಗಾತಾ ಕೆಸರಲ್ಲಿ ನೆನೆದು ಬಂದಾಗಲೆಲ್ಲ ಅತ್ತೆ ಪಾಲ್ಮಿರಾ ಅವಳ ಬೂಟಿನೊಳಗೆ ಹಳೇ ಪೇಪರು ತುರುಕಿ ಒಲೆಯ ಹತ್ತಿರ ಇಡುತ್ತಿದ್ದಳು. ಬೆಳಿಗ್ಗೆ ಬೂಟು ಬೆಚ್ಚಗಿರುತ್ತಿತ್ತು.

ಈಗ ಅದೇ ಪಾಲ್ಮಿರಾ ಹಬೆಯಾಡುವ ದೊಡ್ಡ ಪಾತ್ರೆ ತಂದಳು. ಮಾಂಸ ತುಂಬಿದ ಪುಟ್ಟ ಪುಟ್ಟ ಹಿಟ್ಟಿನ ಪೊಟ್ಟಣಗಳು ಸೂಪಿನಲ್ಲಿ ತೇಲುತ್ತಿದ್ದವು.

"ಅಪ್ಪ, ಮೊದಲು ಊಟ ಮಾಡಿ," ಎಂದ ಅಗಾತಾಳ ಗಂಡ ಎಲ್ವಿಯೊ. "ಹಸಿದ ಜಡ್ಜು ಸಿಕ್ಕಿದವರನ್ನೆಲ್ಲ ಜೈಲಿಗೆ ಹಾಕ್ತಾನೆ."

ಸೆಕೊಂದೊ ಬಿರಡೆ ಕಿತ್ತು ಮೂಸಿದ. ಲೋಟಕ್ಕೆ ಬಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಇನ್ನೊಂದು ಗುಟುಕು. ಮಾವ ಬಾಟಲಿಯನ್ನೆತ್ತಿ, ನಿಧಾನವಾಗಿ ಬಗ್ಗಿಸಿ, ತನ್ನ ಸೂಪಿನ ಬಟ್ಟಲಿಗೆ ಗಳಗಳನೆ ಸುರಿದುಕೊಂಡ.

ಸೂಪಿಗೆ ವೈನ್ ಹಾಕಿಕೊಳ್ಳುವುದು ಇಲ್ಲಿನವರ ರೂಢಿಯೇ. ಆದರೆ ಅದಕ್ಕೆಂದು ಮಾವನ ಮೊಣಕೈ ಪಕ್ಕದಲ್ಲಿ ಯಾವಾಗಲೂ ಮಣ್ಣಿನ ಹೂಜಿ ಇರುತ್ತಿತ್ತು, ಮಾರಾಟಕ್ಕೆ ಹೋಗದ ಕೆಳಗಿನ ತೋಟದ ವೈನಿನ ಹೂಜಿ. ಈ ಮನೆಗೆ ಬಂದಾಗಿನಿಂದ ಬಾಟಲಿಯ ವೈನ್ ಬಟ್ಟಲಿಗೆ ಬಿದ್ದದ್ದನ್ನು ಅಗಾತಾ ಕಂಡಿರಲಿಲ್ಲ.

ಅವಳು ಎದ್ದು ನಿಂತು ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಹೂಜಿ ಅಲ್ಲೇ ಇತ್ತಲ್ಲ ಮಾವ. ಇಷ್ಟ ಆಗದಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಎಲ್ಲರ ಮುಂದೆ ಹೀಗೆ ಸೂಪಿಗೆ ಸುರೀಬೇಕಾ?"

ಬಾಯಿಯ ಹತ್ತಿರ ಒಯ್ದ ಚಮಚ ಹಾಗೇ ನಿಂತಿತು. "ಇವಳಿಗೇನಾಯ್ತೇ?" ಎಂದು ಸೆಕೊಂದೊ ಹೆಂಡತಿಯನ್ನು ಕೇಳಿದ. ಎಲ್ವಿಯೊ ನಗು ತಡೆಯಲಾರದೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡ.

"ನಗಬೇಡ ಕಣೋ. ಕಟ್ಟಿಕೊಂಡು ಬಂದವನು ನೀನು, ನೀನಾದ್ರೂ ಹೇಳಬಾರದಿತ್ತಾ?" ಎಂದು ಮಗನನ್ನು ಗದರಿ ಪಾಲ್ಮಿರಾ ಸೊಸೆಯ ತೋಳು ಹಿಡಿದು ಕೂರಿಸಿದಳು. "ಬಾಟಲಿಯದ್ದು ಊರವರಿಗೆ ಅಂತ ಮಾಡಿದ್ದು, ಮಗಳೇ. ನಿಮ್ಮಾವ ಅದನ್ನ ರುಚಿ ನೋಡ್ತಾರೆ, ತಲೆಯಾಡಿಸ್ತಾರೆ, ಅಷ್ಟೇ. ಸೂಪಿಗೆ ಹಾಕ್ಕೊಳ್ಳೋದು ಇದು ನಮ್ಮದು ಅಂತ ಅನ್ನಿಸಿದ್ದನ್ನ ಮಾತ್ರ. ಅವರಪ್ಪ ಕೊನೇ ಸಲ ಮಾಡಿದ ವೈನ್ ಹೀಗೇ ಬಾಟಲಿಯಿಂದ ಹಾಕ್ಕೊಂಡು ಬಟ್ಟಲು ನೆಕ್ಕಿದ್ರು."

"ನೆಕ್ಕಿರಲಿಲ್ಲ," ಎಂದ ಸೆಕೊಂದೊ. "ಬ್ರೆಡ್ಡಲ್ಲಿ ಒರೆಸಿದ್ದೆ."

ಅಗಾತಾಳ ಮುಖದ ಕೆಂಪು ಇಳಿಯಲಿಲ್ಲ, ಈಗ ಅದು ನಾಚಿಕೆಯದ್ದು. "ಹಾಗಾದ್ರೆ ಚೆನ್ನಾಗಿದೆಯಾ ಮಾವ?"

"ಸ್ವಲ್ಪ ಒಗರು. ಮುಂದಿನ ಸಲ ಅಷ್ಟೊಂದು ಹಿಂಡಬೇಡ, ಬೀಜದ ಕಹಿಯೆಲ್ಲ ಇಳಿದುಬಿಡುತ್ತೆ."

"ಮುಂದಿನ ಸಲ ಅಂದ್ರೆ?"

"ಮುಂದಿನ ಸಲ ಅಂದ್ರೆ ಮುಂದಿನ ಸಲ. ನಿಮ್ಮ ಕಡೆ ಅದಕ್ಕೇನಾದ್ರೂ ಬೇರೆ ಅರ್ಥ ಇದೆಯಾ?"

"ಹೇಜಲ್‌ನಟ್ ಸಸಿಗೆ ಹೇಳಿಟ್ಟಿದೀರಲ್ಲ ಅಪ್ಪ," ಎಂದ ಎಲ್ವಿಯೊ.

"ಕೆಳಗೆ ಹಳ್ಳದ ಪಕ್ಕ ನೆಟ್ಟರಾಯ್ತು. ಅಲ್ಲಿಗಾದ್ರೆ ನನ್ನ ಮಂಡಿಯೂ ಜೊತೆಗೆ ಬರುತ್ತೆ. ಮೇಲಿನದು ಇವಳದ್ದು, ಹೊರೋದೂ ಇವಳೇ." ಸೆಕೊಂದೊ ಬಟ್ಟಲನ್ನು ಮುಂದೆ ಚಾಚಿದ. "ಈಗ ಬಾಟಲಿ ಕೊಡ್ತೀಯೋ, ಇನ್ನೂ ಕೋಪ ಇದೆಯೋ? ಸೂಪು ಆರ್ತಾ ಇದೆ."

ಅಗಾತಾ ಅವನಿಗೆ ಧಾರಾಳವಾಗಿ ಸುರಿದಳು. ತನ್ನ ಬಟ್ಟಲಿಗೂ ಹಾಕಿಕೊಂಡಳು. ಸೂಪು ನೇರಳೆ ಬಣ್ಣಕ್ಕೆ ತಿರುಗಿತು. ಒಂದು ಚಮಚ ಬಾಯಿಗಿಟ್ಟಳು. ಬಿಸಿ, ಹುಳಿ, ಮೇಲೆ ತೇಲುವ ಕೊಬ್ಬು. ಇದನ್ನು ಇವರು ಹೇಗೆ ತಿನ್ನುತ್ತಾರೋ ಎನ್ನಿಸಿತು. ಆದರೂ ಬಟ್ಟಲು ಖಾಲಿಯಾಗುವವರೆಗೆ ಬಿಡಲಿಲ್ಲ. ನಡುವೆ ಪಾಲ್ಮಿರಾ ಗಂಡನ ಕಣ್ಣು ತಪ್ಪಿಸಿ ಚೀಸಿನ ತಟ್ಟೆಯನ್ನು ಸೊಸೆಯ ಹತ್ತಿರಕ್ಕೆ ಸರಿಸಿದಳು.