ಹಾಳೆ ತಿರುವದೆ ಓದಿದ ಹುಡುಗಿ

ಪೋಷಕರ ಸಭೆಯ ದಿನ ಚೌಡೇಶ್ವರಿ ಎದ್ದು ನಿಂತು ಪಾಠ ಓದಿದಳು. ಜಗಳೂರಿನಾಚೆಯ ಆ ಸಣ್ಣ ಶಾಲೆಯ ಜಗಲಿಯ ತುಂಬ ಊರವರು ಕೂತಿದ್ದರು. ನಾಲ್ಕನೇ ತರಗತಿಯ ಹುಡುಗಿ ಎಲ್ಲೂ ತಡವರಿಸಲಿಲ್ಲ. ಚಪ್ಪಾಳೆ ಬಿತ್ತು. ಕುರಿ ಕಾಯುವ ಅವಳ ಅಪ್ಪ ಬೀರಲಿಂಗಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡು ಸುತ್ತಲೂ ನೋಡಿದ.

ಟೀಚರ್ ಕಲ್ಪನಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಪಾಠ ಮುಂದಿನ ಹಾಳೆಗೂ ಹರಿದಿತ್ತು. ಹುಡುಗಿ ಹಾಳೆ ತಿರುವಿರಲೇ ಇಲ್ಲ.

"ಇದನ್ನ ಓದು ನೋಡೋಣ" ಎಂದು ಇನ್ನೂ ಮಾಡದ ಪಾಠವೊಂದನ್ನು ತೆರೆದು ಕೊಟ್ಟಳು. ಚೌಡೇಶ್ವರಿ ಪುಸ್ತಕ ನೋಡಿದಳು. ನೋಡುತ್ತಲೇ ನಿಂತಳು. ಹಿಂದಿನಿಂದ ಯಾರೋ, "ಲೇ ಬೀರಲಿಂಗ, ನಿನ್ನ ಮಗಳು ಗಿಳಿ ಕಣೋ! ಹೇಳ್ಕೊಟ್ಟಿದ್ದಷ್ಟೇ!" ಎಂದರು. ಜನ ನಕ್ಕರು.

ಮರುದಿನ ಬೆಳಿಗ್ಗೆ ಬೀರಲಿಂಗಪ್ಪ ಶಾಲೆಯ ಬಾಗಿಲಲ್ಲಿದ್ದ.

"ಸಾಕು ಬಿಡ್ರಿ ಮೇಡಮ್ಮೋರೆ. ಭತ್ತದ ಕೊಯ್ಲು ಮುಗೀತಿದ್ದಂಗೆ ಚನ್ನಗಿರಿ ಕಡೆ ಗದ್ದೆಗೆ ಮಂದೆ ಹೊಡ್ಕಂಡು ಹೋಗ್ತೀವಿ. ಈ ಸಲ ಇವಳೂ ಬರ್ತಾಳೆ."

"ಓದೋ ವಯಸ್ಸಲ್ವೇನ್ರೀ?"

"ಓದು ಎಲ್ಲೈತ್ರೀ? ಇಷ್ಟು ವರ್ಷ ನಿಮ್ಮ ಹತ್ರಾನೇ ಬಿಟ್ಟಿದ್ದೆ. ನನ್ನ ಕುರಿನೂ ಇಷ್ಟೊತ್ತಿಗೆ ಏನಾರ ಕಲೀತಿತ್ತು."

"ಕೊಯ್ಲು ಮುಗಿಯೋ ತನಕ ತಾಳ್ರಿ" ಎಂದಷ್ಟೇ ಕಲ್ಪನಾ ಕೇಳಿಕೊಂಡಳು.

ದಸರಾ ರಜೆಗೆ ಅವಳು ತವರಾದ ಸಾಸ್ವೆಹಳ್ಳಿಗೆ ಹೋದಳು. ಒಂದನೇ ತರಗತಿಯಿಂದ ಜೊತೆಗೆ ಓದಿದ ಯಶೋಧರಾ ನೋಡಲು ಬಂದಳು. ಅವಳೀಗ ಹೊನ್ನಾಳಿಯ ಕ್ಷೇತ್ರ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕಿ. ಕಲ್ಪನಾಳ ಅವ್ವ ಶಂಕ್ರಮ್ಮ ಒಗ್ಗರಣೆ ಮಂಡಕ್ಕಿ ಕಟ್ಟಿಕೊಟ್ಟು, "ಹೊಳೆ ಕಡೆ ಹೋಗಿ ಬರ್ರಿ. ಇಲ್ಲಿದ್ರೆ ನನ್ನ ಧಾರಾವಾಹಿ ಕೇಳ್ಸಾಕಿಲ್ಲ" ಎಂದು ಇಬ್ಬರನ್ನೂ ಹೊರಗಟ್ಟಿದಳು.

ಹೊಳೆಯ ಮೆಟ್ಟಿಲ ಮೇಲೆ ಬಿಸಿಲು ಇಳಿದಿತ್ತು. ಹಿಂದೆ ಇಲ್ಲಿಂದಲೇ ಶಾಲೆಗೆ ಮರಳು ಹೊತ್ತು ಒಯ್ಯುತ್ತಿದ್ದರು. ಒಂದನೇ ತರಗತಿಯವರಿಗೆ ಪಾಟಿ ಆಮೇಲೆ, ಮೊದಲು ಮರಳು. ಮೇಷ್ಟ್ರು ಬೆರಳು ಹಿಡಿದು ತಿದ್ದಿಸುತ್ತಿದ್ದರು. ಅಕ್ಷರದ ಹೆಸರನ್ನು ಗಟ್ಟಿಯಾಗಿ ಕೂಗಬೇಕಿತ್ತು. ತಪ್ಪಿದರೆ ಅಂಗೈಯಿಂದ ಸವರಿಬಿಟ್ಟರಾಯಿತು, ಬೈಗುಳ ಇರಲಿಲ್ಲ.

ಕಲ್ಪನಾ ಹುಡುಗಿಯ ವಿಷಯ ಹೇಳಿದಳು. "ಸೋಮಾರಿ ಕಣೇ. ಕೇಳಿದ್ದೆಲ್ಲ ಬಾಯಿಪಾಠ ಮಾಡ್ತಾಳೆ, ಓದಾಕೆ ಮಾತ್ರ ಮೈಗಳ್ಳತನ."

"ನಮ್ಮ ಕೆಂಚೇಶಣ್ಣ ನೆನಪಿದಾನಾ?" ಎಂದಳು ಯಶೋಧರಾ.

ಕಲ್ಪನಾ ನಕ್ಕುಬಿಟ್ಟಳು. ಯಶೋಧರಾಳ ಅಣ್ಣನನ್ನು ಯಾರು ಮರೆತಾರು? ತಿರುವಿನಾಚೆ ಹಾರ್ನ್ ಕೇಳಿದರೆ ಸಾಕು, ಬರುವುದು ನ್ಯಾಮತಿಯ ಬಸ್ಸೋ ಹೊನ್ನಾಳಿಯದೋ ಹೇಳುತ್ತಿದ್ದ. ಕೆಟ್ಟ ರೇಡಿಯೊ ಬಿಚ್ಚಿ ಹಾಡಿಸುತ್ತಿದ್ದ. ಓದುವ ಪಾಠ ಶುರುವಾದರೆ ಮಾತ್ರ ನೀರು ಕುಡಿಯಲು ಹೋಗುತ್ತಿದ್ದ. ಒಂದು ದಿನ ಹಾಗೆ ಹೋದವನು ತಿರುಗಿ ಶಾಲೆಗೆ ಬರಲೇ ಇಲ್ಲ.

"ಅವನ ಪಾಟಿಚೀಲದಾಗೆ ಅವ್ವ ಆಮೇಲೆ ಬೆಳ್ಳುಳ್ಳಿ ಇಡ್ತಿದ್ಲು" ಎಂದಳು ಯಶೋಧರಾ. "ಈಗಲೂ ಯಾರಾದ್ರೂ ಮೆಸೇಜ್ ತೋರ್ಸಿದ್ರೆ 'ಕನ್ನಡಕ ಮನೇಲೈತೆ, ನೀನೇ ಓದು' ಅಂತಾನೆ. ಅವನಿಗೆ ಕನ್ನಡಕಾನೇ ಇಲ್ಲ."

ಯಶೋಧರಾ ಮಂಡಕ್ಕಿಯ ಪೊಟ್ಟಣ ಬಿಚ್ಚಿ ಇಬ್ಬರ ನಡುವೆ ಇಟ್ಟಳು.

"ಅವನು ದಡ್ಡ ಆಗಿದ್ನಾ ಕಲ್ಪನಾ?"

"ಛೆ, ಎಲ್ಲಿಯ ದಡ್ಡ!"

"ನಿನ್ನ ಹುಡುಗೀನೂ ಇರಲಿಕ್ಕಿಲ್ಲ. ಡಿಸ್ಲೆಕ್ಸಿಯಾ ಅಂತ ಒಂದೈತೆ. ಬುದ್ಧಿ ಚುರುಕಾಗೇ ಇರ್ತೈತೆ, ಆದ್ರೆ ಅಕ್ಷರಾನೂ ಅದರ ಶಬ್ದಾನೂ ಕೂಡಿಸಾಕೆ ತ್ರಾಸು. ಅದೇ ಹೌದೋ ಅಲ್ವೋ ಹೇಳಾಕೆ ತಜ್ಞರೇ ಬೇಕು. ಮೊದ್ಲು ಕಣ್ಣು, ಕಿವಿ ತೋರ್ಸು. ನಿಮ್ಮ ಜಗಳೂರಿನ ಬಿ.ಆರ್.ಸಿ.ಯಲ್ಲಿ ವಿಚಾರಿಸು, ಪರೀಕ್ಷೆಗೆ ದಾರಿ ತೋರಿಸ್ತಾರೆ. ಕಲಿಸೋದು ಮಾತ್ರ ನಿನ್ನ ಕೈಯಾಗೈತೆ. ಅದಕ್ಕೆ ತರಬೇತಿ ತಗೋ."

"ಬಿ.ಇಡಿ. ಮಾಡೀನಲ್ಲೇ! ಇನ್ನೂ ಎಷ್ಟು ತರಬೇತಿ? ಸಭೆಗೆ ಹೋಗೋದು, ಟೀ ಕುಡಿಯೋದು, ಸಹಿ ಹಾಕಿ ಬರೋದು."

"ಬಿ.ಇಡಿ.ಲಿ ಇದನ್ನ ಎಷ್ಟು ಪುಟ ಓದಿದ್ವಿ, ಹೇಳು?"

ಕಲ್ಪನಾ ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. "ಸರಿ, ಎಲ್ಲಿ ಸಿಗ್ತೈತೆ ಹೇಳು."

"ಮೊದ್ಲು ಫೋನಿನಾಗೆ ನೋಡು. ಸರ್ಕಾರದ ದೀಕ್ಷಾ ಆ್ಯಪಿನಾಗೆ ಎಲ್ಲ ಥರದ ಮಕ್ಕಳಿಗೂ ಕಲಿಸೋ ಬಗ್ಗೆ ಕೋರ್ಸ್ ಇರ್ತಾವೆ, ದುಡ್ಡಿಲ್ಲ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಕಾರ್ಯಾಗಾರ ಯಾವಾಗ ಅಂತ ಕೇಳು. ಇಲ್ಲಾಂದ್ರೆ ನಿಮ್ಮ ಸುತ್ತಲ ಶಾಲೆಗಳ ಕ್ಲಸ್ಟರ್ ಸಭೇಲಿ 'ನಮಗೆ ಬೇಕು' ಅಂತ ನಾಲ್ಕು ಜನ ಸೇರಿ ಕೇಳ್ರಿ. ಡಿಸ್ಲೆಕ್ಸಿಯಾ ಸಂಸ್ಥೆಗಳೂ ಸಣ್ಣ ಕೋರ್ಸ್ ನಡೆಸ್ತಾವೆ, ಕೆಲವಕ್ಕೆ ಫೀಸ್ ಇರ್ತೈತೆ. ಇದೇ ಕೆಲಸಕ್ಕೆ ಇಳೀಬೇಕು ಅನ್ನಿಸಿದ್ರೆ ವಿಶೇಷ ಶಿಕ್ಷಣದ ಡಿ.ಇಡಿ., ಬಿ.ಇಡಿ. ಐತೆ. ಸೇರೋಕೆ ಮುಂಚೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಐತಾ ನೋಡ್ಕೋ."

"ಕೋರ್ಸಲ್ಲಿ ಏನು ಹೇಳ್ಕೊಡ್ತಾರೆ?"

"ಕಣ್ಣು, ಕಿವಿ, ಕೈ ಮೂರಕ್ಕೂ ಒಟ್ಟಿಗೇ ಕಲಿಸೋದು. ನಮ್ಮ ಮೇಷ್ಟ್ರು ಮಾಡ್ತಿದ್ರಲ್ಲ, ಹಂಗೆ. ಇದಕ್ಕೆ ಒಂದು ಕ್ರಮ ಐತೆ, ಅಷ್ಟೇ."

ರಜೆ ಮುಗಿಯುವುದರೊಳಗೆ ಕಲ್ಪನಾ ಫೋನಿನ ಕೋರ್ಸ್ ಮುಗಿಸಿದಳು. ಜಗಳೂರಿಗೆ ಮರಳಿ ಅಲ್ಲಿನ ಬಿ.ಆರ್.ಸಿ.ಯ ಶಿಕ್ಷಕಿಯನ್ನು ಕಂಡಳು. ಚೌಡೇಶ್ವರಿಯ ಕಣ್ಣು, ಕಿವಿ ಸರಿಯಿದ್ದವು. ಓದಿನ ತೊಡಕು ಡಿಸ್ಲೆಕ್ಸಿಯಾ ಎಂದು ತಜ್ಞರು ಗುರುತಿಸಿದರು.

ಪಾಠದ ರೀತಿ ಬದಲಾಯಿತು. ತಟ್ಟೆಯಲ್ಲಿ ರವೆ ಹರವಿ ಒಂದೊಂದೇ ಅಕ್ಷರ. ಚಪ್ಪಾಳೆ ತಟ್ಟಿ ಪದ ಒಡೆಯುವುದು. ಎಲ್ಲರೆದುರು ನಿಲ್ಲಿಸಿ ಓದಿಸುವುದನ್ನು ಬಿಟ್ಟಳು. ಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಕೇಳಿದಳು. ಕೆಲವು ದಿನ ಏನೂ ಆಗುತ್ತಿರಲಿಲ್ಲ. ನಿನ್ನೆ ಬಂದ ಅಕ್ಷರ ಇಂದು ಮರೆತಿರುತ್ತಿತ್ತು. ಮತ್ತೆ ಮೊದಲಿಂದ.

ಕೊಯ್ಲು ಮುಗಿಯಿತು. ಬೀರಲಿಂಗಪ್ಪ ಬಂದ. ಕಲ್ಪನಾ ಪುಸ್ತಕ ತೆಗೆಯುತ್ತಿದ್ದಂತೆ ಕೈ ಅಡ್ಡ ಹಿಡಿದ.

"ಅದು ಬ್ಯಾಡ್ರಿ. ಬಾಯಿಪಾಠ ಮಾಡ್ಸಿದ್ರೆ ನನಗೆ ಹೆಂಗೆ ಗೊತ್ತಾಗ್ಬೇಕು?" ಜೇಬಿನಿಂದ ಮಡಿಸಿದ ಕರಪತ್ರ ತೆಗೆದ. ಪಶು ಆಸ್ಪತ್ರೆಯಲ್ಲಿ ಕೊಟ್ಟದ್ದು. "ಇದನ್ನ ಓದಲಿ."

ಚೌಡೇಶ್ವರಿ ಬೆರಳಿಟ್ಟಳು. "ಲ... ಸಿ... ಕೆ. ಲಸಿಕೆ. ಹಾಕಿ... ಸಿದ ದಿನ. ಕುರಿ... ಗಳನ್ನು..." ಮುಂದಿನ ಪದಕ್ಕೆ ನಿಂತಳು. ಕಲ್ಪನಾ ಹೇಳಿಕೊಡಲಿಲ್ಲ. ಹುಡುಗಿ ತೊಡೆಯ ಮೇಲೆ ಒತ್ತಕ್ಷರ ಬರೆದು ನೋಡಿಕೊಂಡಳು. "ಹೆಚ್ಚು. ಹೆಚ್ಚು ದೂರ ನಡೆ... ಸಬೇಡಿ."

"ಅಯ್ಯಯ್ಯೋ!" ಬೀರಲಿಂಗಪ್ಪ ಹಣೆ ಚಚ್ಚಿಕೊಂಡ. "ಮೊನ್ನೆ ಲಸಿಕೆ ಹಾಕ್ಸಿ ಆವತ್ತೇ ಹಳ್ಳ ದಾಟ್ಸಿದ್ನಲ್ಲೇ! ಮೊದ್ಲೇ ಓದಬಾರದಿತ್ತಾ?"

"ನೀನು ಕೊಟ್ಟಿದ್ರೆ ತಾನೆ?" ಎಂದಳು ಮಗಳು.

ಅವನು ಕರಪತ್ರ ಮಡಿಸದೆ ಹಿಡಿದುಕೊಂಡು ನಿಂತ.

"ನಿಧಾನ ಐತೆ ಮೇಡಮ್ಮೋರೆ."

"ಇನ್ನೂ ಬಹಳ ದಿನ ಬೇಕು."

"ಇರಲಿ ಬಿಡ್ರಿ. ಇದು ಇವಳದೇ ಓದು. ನಮ್ಮವ್ವನ ಹತ್ರ ಬಿಟ್ಟು ಹೋಗ್ತೀನಿ. ದಿನಾ ಶಾಲೆಗೆ ಬರ್ತಾಳೆ."

ಶಿಕ್ಷಕ ಬಂಧುಗಳೇ, ಚೆನ್ನಾಗಿ ಮಾತಾಡುವ, ಕೇಳಿದ್ದನ್ನು ಬೇಗ ಹಿಡಿಯುವ ಮಗು ಓದಲು ಮಾತ್ರ ತಿಣುಕುತ್ತಿದ್ದರೆ ಅದನ್ನು ಸೋಮಾರಿ ಎನ್ನುವ ಮೊದಲು ಒಂದು ಸಲ ನಿಲ್ಲಿ. ನಿಮ್ಮ ತಾಲ್ಲೂಕಿನ ಬಿ.ಆರ್.ಸಿ.ಗೆ ಹೋಗಿ ಕೇಳಿ. ತರಬೇತಿ ಬರಲಿ ಎಂದು ಕಾಯಬೇಡಿ, ಬೇಕು ಎಂದು ಕೇಳಿ ಪಡೆಯಿರಿ. ತಂದೆತಾಯಂದಿರೇ, ಮಗುವನ್ನು ಶಾಲೆ ಬಿಡಿಸಬೇಡಿ. ಟೀಚರ್ ಜೊತೆ ಕೂತು ಮಾತಾಡಿ. ನಾವು ಕಲಿತರೆ ಅವರೂ ಕಲಿಯುತ್ತಾರೆ.