ಕಲ್ಲಿನ ಮೇಲಿನ ಪಾಠ

ಶಾಲೆಯ ಹಿಂದಿನಿಂದ ಬರುತ್ತಿದ್ದ ಸದ್ದು ಒಮ್ಮೆಲೇ ನಿಂತಿತು. ಗೇಟಿನೊಳಗೆ ಒಂದು ಕಾಲಿಟ್ಟಿದ್ದ ನೀರಜಾ ಅಲ್ಲೇ ನಿಂತಳು. ಯಾರೋ ಗದರಿದರು, ಯಾರೋ ನಕ್ಕರು, ಮತ್ತೆ ಕಲ್ಲಿನ ಮೇಲೆ ಕೋಲುಗಳು ಬೀಳತೊಡಗಿದವು.

ತ್ರಿಶೂರಿನ ಆಡಿಟರ್ ಆಫೀಸಿನಿಂದ ಬಾಡಿಗೆ ರೂಮಿಗೆ ಹೋಗುವಾಗ ಅವಳು ಈ ಸದ್ದನ್ನು ಸ್ಕೂಟರ್ ಮೇಲಿಂದಲೇ ಕೇಳಿಕೊಂಡು ಹೋಗುತ್ತಿದ್ದಳು. ಚೆಂಡೆ ಕಲಿಯುವವರು ಮೊದಮೊದಲು ಚೆಂಡೆ ಮುಟ್ಟುವ ಹಾಗಿಲ್ಲ. ಹುಣಸೆ ಕೋಲಿನಿಂದ ಕಲ್ಲನ್ನೇ ಬಡಿಯಬೇಕು. ಅವಳೂ ಮುಂದೆ ಕಲಿಯುವವಳೇ. ಆದರೆ ನಲವತ್ತೈದನೇ ವಯಸ್ಸಿಗೆ. ಅಷ್ಟರೊಳಗೆ ಕಡೆಯವರೆಗೂ ಸಾಕಾಗುವಷ್ಟು ಕೂಡಿಟ್ಟು ಕೆಲಸ ಬಿಡುವುದು, ಆಮೇಲೆ ಚೆಂಡೆ. ಸಂಬಳದ ಅರ್ಧ ಅದಕ್ಕೇ ಹೋಗುತ್ತಿತ್ತು. "ನಿನ್ ಜತೆ ಒಂದು ಸಿನಿಮಾ ನೋಡ್ಬೇಕಂದ್ರೆ ನಾನು ಮುದುಕಿ ಆಗೋವರೆಗೂ ಕಾಯ್ಬೇಕು ಕಣೇ" ಎಂದು ರೂಮಿನ ಗೆಳತಿ ಜಿಷಾ ರೇಗಿಸುತ್ತಿದ್ದಳು.

ಇವತ್ತು ಮಧ್ಯಾಹ್ನ ಆಡಿಟರ್ ತೋಮಸ್ ಸಾರ್ ಕರೆದು, ಬಟ್ಟೆ ಅಂಗಡಿಯೊಂದರ ಲೆಕ್ಕವನ್ನು ದಿನಾ ಸಂಜೆ ನೋಡಿಕೊಳ್ಳುತ್ತೀಯಾ ಎಂದಿದ್ದರು. ಆ ಹಣವನ್ನೂ ಕೂಡಿಟ್ಟರೆ ನಲವತ್ತೈದು ನಲವತ್ತಾಗುತ್ತದೆ. ಹೂಂ ಎನ್ನುವ ಮೊದಲು ಅವಳಿಗೆ ಒಂದು ವಿಷಯ ತಿಳಿಯಬೇಕಿತ್ತು.

ಅವಳು ಶಾಲೆಯ ಹಿಂದಕ್ಕೆ ನಡೆದಳು. "ಆಶಾನೇ," ಎಂದು ಪಾಠ ಹೇಳುತ್ತಿದ್ದ ಗುರುವನ್ನು ಕರೆದಳು. "ಇದನ್ನ ಎಷ್ಟು ವಯಸ್ಸಿನವರೆಗೆ ಕಲೀಬಹುದು?"

"ಸೋಮವಾರ, ಬುಧವಾರ, ಶುಕ್ರವಾರ ಪಾಠ. ವಯಸ್ಸಿನ ವಿಚಾರ ಶೇಖರನ್ನ ಕೇಳು, ಅವನೇ ನಮ್ಮ ಹಿರೀ ವಿದ್ಯಾರ್ಥಿ."

ಕಲ್ಲುಗಳ ಮುಂದೆ ಸಾಲಾಗಿ ಕೂತಿದ್ದವರೆಲ್ಲ ನಕ್ಕರು. ಪಂಚೆ ಮಡಿಚಿ ಕಟ್ಟಿ ಕೂತಿದ್ದ, ತಲೆ ಪೂರ್ತಿ ನರೆತವರೊಬ್ಬರು ಕೋಲು ಎತ್ತಿ ತೋರಿಸಿದರು. ವಿದ್ಯುತ್ ಮಂಡಳಿಯಿಂದ ನಿವೃತ್ತರಾದವರು ಎಂದರು ಆಶಾನ್.

"ನನ್ ಜತೆ ಶುರುಮಾಡ್ದೋರೆಲ್ಲ ದೇವಸ್ಥಾನದಲ್ಲಿ ಬಾರ್ಸಿ, ಫೋಟೋ ತೆಗೆಸ್ಕೊಂಡು, ನೆಂಟರಿಗೆ ಊಟ ಹಾಕ್ಸಿದ್ದೂ ಆಯ್ತು ಮಗಳೇ. ನಾನಿನ್ನೂ ಕಲ್ಲಲ್ಲೇ ಇದೀನಿ. ಬಲಗೈ ಹೇಳಿದ್ದು ಈ ಎಡಗೈಗೆ ಕೇಳ್ಸೋದೇ ಇಲ್ಲ."

"ಶೇಖರೇಟ್ಟ ಕಲ್ಲು ಬಿಡ್ತೀನಂದ್ರೂ ಕಲ್ಲು ಅವರನ್ನ ಬಿಡಲ್ಲ" ಎಂದ, ಅವರನ್ನು ಅಣ್ಣ ಎಂಬರ್ಥದಲ್ಲಿ "ಏಟ್ಟ" ಎನ್ನುವ ಪಕ್ಕದವನು.

"ಬೇಜಾರಾಗಲ್ವಾ?" ನೀರಜಾ ಕೇಳಿದಳು.

"ಯಾಕೆ? ತಿಂಗಳಾದ್ರೆ ಪಿಂಚಣಿ ಬರುತ್ತೆ. ಅದೊಂದು ಇಲ್ದಿದ್ರೆ ಈ ಹೊತ್ತಲ್ಲಿ ಯಾವ್ದೋ ಅಪಾರ್ಟ್‌ಮೆಂಟಿನ ಗೇಟು ಕಾಯ್ತಿದ್ದೆ."

ನೀರಜಾ ಅವರ ಮುಖದಲ್ಲಿ ಕೊರಗು ಹುಡುಕಿದಳು. ಸಿಗಲಿಲ್ಲ. ತೊಡೆಯ ಮೇಲಿದ್ದ ಎಡಗೈ ಮಾತ್ರ ಬೆರಳು ಪೂರ್ತಿ ಮಡಚದೆ ಬಿದ್ದಿತ್ತು. ಆ ಮುಖವನ್ನೋ ಈ ಕೈಯನ್ನೋ, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

"ನಾನು ನಲವತ್ತೈದಕ್ಕೆ ಬರೋಣ ಅಂತಿದ್ದೆ. ನೀವು ನನ್ ವಯಸ್ಸಲ್ಲಿ, ಮೂವತ್ತಕ್ಕೇ ಬಂದಿದ್ರೆ?"

"ಮೂವತ್ತರಲ್ಲಿ ನಂಗೆ ಈ ಆಸೆನೇ ಇರ್ಲಿಲ್ಲ. ಹುಟ್ಟಿದ್ದೇ ರಿಟೈರ್ ಆದ್ಮೇಲೆ." ಅವರು ಅವಳನ್ನೇ ನೋಡಿದರು. "ನಿಂಗೆ ಆಗ್ಲೇ ಹುಟ್ಬಿಟ್ಟಿದೆ. ಅದನ್ನ ಇಷ್ಟು ವರ್ಷ ಎಲ್ಲಿ ಇಟ್ಕೋತೀಯಾ?"

ಉತ್ತರಕ್ಕೆ ಕಾಯದೆ ತಮ್ಮ ಕೋಲುಗಳನ್ನು ಕೊಟ್ಟರು. ಅವಳು ಕುಕ್ಕರುಗಾಲಲ್ಲಿ ಕೂತು ಬಡಿದಳು. ಬಲಗೈ ಹೇಳಿದಂತೆ ಕೇಳಿತು. ಎಡಗೈ ಹಿಂದೆ ಬಿತ್ತು, ಎಡವಿತು, ಆಮೇಲೆ ಹೇಗೋ ಬಂದು ಕೂಡಿಕೊಂಡಿತು. ಎರಡು ಏಟು ಒಂದೇ ಹದದಲ್ಲಿ ಬಿದ್ದವು. ಆಶಾನ್ ತಿರುಗಿ ನೋಡಿದರು.

ಫೋನ್ ಬಂತು.

"ಏನಮ್ಮಾ, ಅಂಗಡಿಯವರಿಗೆ ಹೂಂ ಅನ್ಲಾ?" ತೋಮಸ್ ಸಾರ್ ಕೇಳಿದರು.

"ಸಾರ್, ಮಂಗಳವಾರ, ಗುರುವಾರ, ಶನಿವಾರ ಮಾಡ್ತೀನಿ. ಉಳಿದ ಸಂಜೆ ಆಗಲ್ಲ."

"ಯಾಕೆ, ಮದುವೆ ಗಿದುವೆ ಗೊತ್ತಾಯ್ತಾ?"

"ಇಲ್ಲ ಸಾರ್. ಚೆಂಡೆ ಕಲೀತಿದೀನಿ."

"ಅವರು ಬೇರೆ ಯಾರನ್ನಾದ್ರೂ ನೋಡ್ಕೊಂಡುಬಿಡ್ತಾರೆ, ಗೊತ್ತಲ್ಲ?"

"ಗೊತ್ತು ಸಾರ್." ಅವಳು ಕೋಲುಗಳನ್ನು ಮಡಿಲಿಗೆ ಎಳೆದುಕೊಂಡಳು. "ಮೂರು ದಿನಕ್ಕೆ ಒಪ್ತಾರಾ ಒಂದ್ಸಲ ಕೇಳಿ ನೋಡಿ."

"ನೋಡೋಣ" ಎಂದು ಅವರು ಫೋನ್ ಇಟ್ಟರು.

ಶೇಖರೇಟ್ಟ ಅಷ್ಟರಲ್ಲಿ ಗೋಡೆಯ ಬಳಿಯಿಂದ ಇನ್ನೊಂದು ಕಲ್ಲನ್ನು ಉರುಳಿಸಿಕೊಂಡು ಬಂದು ತಮ್ಮ ಪಕ್ಕದಲ್ಲಿ ಕೂರಿಸುತ್ತಿದ್ದರು. ನೀರಜಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ಕೂತು, ಅಂಗೈಯಿಂದ ಅದರ ಧೂಳು ಒರೆಸಿದಳು. ಕಲ್ಲಿನಲ್ಲಿ ಹಗಲಿನ ಬಿಸಿ ಇನ್ನೂ ಆರಿರಲಿಲ್ಲ.