ಅಳಿವೆಯಲ್ಲಿ ನಿಂತವನು

ಗುಡಿಯ ಕಳಸ, ಅದರ ಹಿಂದೆ ಗುಡ್ಡದ ಒಂಟಿ ತಾಳೆಮರ, ಎರಡೂ ಒಂದೇ ಗೆರೆಗೆ ಬಂದಿದ್ದವು. ಹಾಗಾದರೆ ವೆಂಕ್ಟ್ರಮಣ ನಿಂತಲ್ಲಿಂದ ಕೊರಳುದ್ದ ನೀರಿಗೆ ಒಂದೇ ಹೆಜ್ಜೆ ಇರಬೇಕಿತ್ತು. ಇಟ್ಟ. ಮೊಣಕಾಲು. ಇನ್ನೊಂದು ಇಟ್ಟ. ಅದೇ ಮೊಣಕಾಲು. ಮತ್ತೂ ಮುಂದೆ ನಡೆದ. ಕಾಲಡಿ ಗಟ್ಟಿ ಹೊಯ್ಗೆ, ಮರಳೆಲ್ಲ ಮನೆಯಂಗಳದ ಹಾಗೆ ಸಮತಟ್ಟು. ತಿರುಗಿ ನೋಡಿದರೆ ಕಳಸ ತನ್ನ ಜಾಗದಲ್ಲೇ ಇತ್ತು, ತಾಳೆಮರವೂ.

ಅಘನಾಶಿನಿ ಹೊಳೆ ಕಡಲು ಸೇರುವ ಈ ಅಳಿವೆಯಲ್ಲಿ, ನೀರು ಇಳಿದ ಹೊತ್ತಿಗೆ ದೋಣಿ ಒಳಗೆ ಬರಲಿಕ್ಕೆ ಇರುವುದು ಒಂದೇ ದಾರಿ. ಮಿಕ್ಕಿದ್ದೆಲ್ಲ ನೀರಿನಡಿಯ ಹೊಯ್ಗೆ ದಿಬ್ಬ, ದೋಣಿಯಲ್ಲಿದ್ದವರ ಕಣ್ಣಿಗೆ ಕಾಣದು. ಹಾಗಾಗಿ ವೆಂಕ್ಟ್ರಮಣ ದಿಬ್ಬದ ತುದಿಯವರೆಗೆ ನಡೆದು, ಆಳ ಶುರುವಾಗುವಲ್ಲಿ ತಲೆಗೆ ಕೆಂಪು ಟವೆಲು ಸುತ್ತಿ ನಿಲ್ಲುತ್ತಿದ್ದ. ಅವನನ್ನು ಸವರಿಕೊಂಡು ಬಂದ ದೋಣಿಗೆ ತಳ ತಾಗಿದ್ದಿಲ್ಲ. ಅವನ ಅಪ್ಪನೂ ಹೀಗೇ ನಿಲ್ಲುತ್ತಿದ್ದ. ಊರಲ್ಲಿ ಯಾರನ್ನಾದರೂ ಕೇಳಿ, ವೆಂಕ್ಟ್ರಮಣ ನಿಂತಲ್ಲೇ ದಾರಿ ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿ, ಯಾರಿಗಾಗುವುದಿಲ್ಲ ಹೇಳಿ.

ಮಳೆಗಾಲಕ್ಕೊಮ್ಮೆ ದಿಬ್ಬ ಒಂದೆರಡು ಮಾರು ಅತ್ತಿತ್ತ ಸರಿಯುವುದಿತ್ತು, ಅದೇನು ದೊಡ್ಡದಲ್ಲ. ಆದರೆ ಈ ಸಲ ಮಳೆ ಮುಗಿದ ಮೇಲೂ ಗಾಳಿ ಎದ್ದು ವಾರಗಟ್ಟಲೆ ದೋಣಿಗಳು ಇಳಿದಿರಲಿಲ್ಲ. ಅವನೂ ಜ್ವರ ಬಂದು ಕಂಬಳಿಯೊಳಗಿದ್ದ. ಇವತ್ತು ನಸುಕಿನಲ್ಲಿ ನೀರು ತುಂಬಿದ್ದಾಗ ಮೊದಲು ಹೊರಟದ್ದು ಅಳಿಯ ಉಮೇಶನ ದೋಣಿ. ಅದೀಗ ವಾಪಸು ಬರುವ ಹೊತ್ತು.

ತುಸು ದೂರದಲ್ಲಿ ನೆರೆಮನೆಯ ಬಂಗಾರಿ ಬಗ್ಗಿ ಚಿಪ್ಪಿ ಹೆಕ್ಕುತ್ತಿದ್ದಳು.

"ಎಂತ ಹುಡುಕ್ತಾ ಇದ್ರಿ ವೆಂಕ್ಟ್ರಮಣಣ್ಣ?"

"ಆಳ ಎಲ್ಲಿ ಅದೆ ನೋಡ್ತೆ ಇದ್ದೆ."

"ಆಳವಾ? ಇಲ್ಲೆಲ್ಲ ಬರೀ ಹೊಯ್ಗೆ. ನಂಗೂ ಇವತ್ತೇ ಗೊತ್ತಾದದ್ದು."

"ಹಂಗಾರೆ ಅದು ಎಲ್ಲಿ ಹೋಯ್ತು?"

"ನಂಗೆಂತ ಗೊತ್ತು? ಹೊಯ್ಗೆ ಹೇಳಿ ಕೇಳಿ ಹೋಗ್ತದ್ಯಾ?"

ವೆಂಕ್ಟ್ರಮಣನಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ಹೊಯ್ಗೆ ಎಲ್ಲಿಂದ ಬಂತು? ಬಡಗು ದಡದಿಂದ ಬಂದಿದ್ದರೆ ಆಳ ಅತ್ತ ಇರಬೇಕು. ಕಡಲಿಂದ ಬಂದಿದ್ದರೆ? ಅಥವಾ ತಾಳೆಮರವೇ ಬೇರೆಯೋ? ಹಣೆ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಹುಡುಕಿದ್ದಕ್ಕೆ ಹೆಂಡತಿ ತಿಮ್ಮಿ ನಿನ್ನೆಯಷ್ಟೇ, "ಅರುವತ್ತಕ್ಕೆ ಅರಳುಮರುಳು ಅಂತ ಸುಮ್ನೆ ಹೇಳೂದಿಲ್ಲ" ಎಂದು ನಕ್ಕಿದ್ದಳು. ತಾನೂ ನಕ್ಕಿದ್ದ. ಈಗ ನಗು ಬರಲಿಲ್ಲ, ಹೆದರಿಕೆಯಾಯಿತು.

ಅಷ್ಟರಲ್ಲಿ ಎಂಜಿನ್ನಿನ ಸದ್ದು ಕೇಳಿತು. ಹಿಂದೆ ಚುಕ್ಕಾಣಿಯಲ್ಲಿ ಉಮೇಶ, ಮುಂದೆ ಆಳ ನೋಡುವ ಗಳ ಹಿಡಿದು ಜೊತೆಗಾರ ಹರೀಶ. ಕೆಂಪು ಟವೆಲು ಕಂಡದ್ದೇ ದೋಣಿ ಮೂತಿ ತಿರುಗಿಸಿ ನೇರ ಅವನತ್ತ ಹೊರಟಿತು.

ಹೋದ ವರ್ಷ ಇವನು ನಿಲ್ಲದ ದಿನ ಇಲ್ಲೇ ಒಂದು ದೋಣಿಗೆ ಹೊಯ್ಗೆ ತಾಗಿತ್ತು. ಹಿಂದಿನ ತೆರೆ ಬಂದು ಮಗುಚಿ ಹಾಕಿತ್ತು. ಹೆಣ ಎಳೆದವರಲ್ಲಿ ವೆಂಕ್ಟ್ರಮಣನೂ ಇದ್ದ.

ಎರಡೂ ಕೈ ಎತ್ತಿ ಬೀಸಿದ. ಉಮೇಶನೂ ಕೈ ಬೀಸಿದ. ಬಾ ಅನ್ನುವುದಕ್ಕೆ ಇವನು ನಿಂತರೆ ಸಾಕಿತ್ತು. ಬರಬೇಡ ಅನ್ನುವುದಕ್ಕೆ ಇವರಲ್ಲಿ ಒಂದು ಸನ್ನೆಯೇ ಇರಲಿಲ್ಲ, ಯಾವತ್ತೂ ಬೇಕಾಗಿರಲಿಲ್ಲ. ಕೂಗಿದ, ಎದುರುಗಾಳಿಗೂ ಎಂಜಿನ್ನಿನ ಸದ್ದಿಗೂ ದನಿ ದೋಣಿ ಮುಟ್ಟಲಿಲ್ಲ. ಬಡಗಕ್ಕೆ ಓಡಿದ, ದೋಣಿಯೂ ಬಡಗಕ್ಕೆ ವಾಲಿತು. ತೆಂಕಕ್ಕೆ ಓಡಿದ, ಅದೂ ತೆಂಕಕ್ಕೆ. ಎಲ್ಲಿ ಹೋದರೂ ನೀರು ಮೊಣಕಾಲೇ. ಟವೆಲು ಕಿತ್ತು ಎಸೆದ. ಆದರೂ ದೋಣಿ ಬರುತ್ತಲೇ ಇತ್ತು. ತಾನು ಕಾಣುತ್ತಿರುವವರೆಗೂ ಅದು ನಿಲ್ಲುವುದಿಲ್ಲ.

ವೆಂಕ್ಟ್ರಮಣ ನೀರಿನಲ್ಲಿ ಕೂತುಬಿಟ್ಟ.

ಒಂದು ತೆರೆ ತಲೆಯ ಮೇಲೆ ಹೋಯಿತು. ಎರಡೂ ಕೈ ಹೊಯ್ಗೆಯೊಳಗೆ ಊರಿ, ಗದ್ದದವರೆಗೆ ಮುಳುಗಿ ಕೂತ. ಎಂಜಿನ್ ತಟ್ಟನೆ ಮೆಲ್ಲಗಾಯಿತು.

"ಮಾವಾ... ಎಲ್ಲಿದ್ರಿ?" ಉಮೇಶನ ದನಿ.

"ಉಮೇಶಣ್ಣ, ಗಳಕ್ಕೆ ನೆಲ ಸಿಕ್ತು. ಹಿಂದೆ ತಗೋ, ಹಿಂದೆ ತಗೋ."

ಎಂಜಿನ್ ಕೊಸರಾಡಿ ಹಿಂದಕ್ಕೆ ಸರಿಯಿತು. ಮತ್ತೆ ಗಳ ಕುಕ್ಕುವ ಸದ್ದು. ಇನ್ನಷ್ಟು ಆಚೆ, ಮತ್ತೆ ಗಳ. ಬಹಳ ಹೊತ್ತಿನ ಮೇಲೆ ಬಡಗು ದಡದ ಹತ್ತಿರದಿಂದೆಲ್ಲೋ ಹರೀಶ, "ಇಲ್ಲಿ ಆಳ ಅದೆ" ಅಂದ.

ಉಮೇಶ ಕರೆಯುವುದನ್ನು ಬಿಟ್ಟಿರಲಿಲ್ಲ. ಮಾವಾ, ಮಾವಾ ಎನ್ನುತ್ತಿದ್ದವನ ದನಿ ಈಗ ಒಡೆದಿತ್ತು. "ಇಲ್ಲಿದ್ದೆ" ಎನ್ನುವುದು ವೆಂಕ್ಟ್ರಮಣನ ನಾಲಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿದ, ದನಿ ಕೇಳಿದರೆ ದೋಣಿ ಮತ್ತೆ ಈ ಹೊಯ್ಗೆಯತ್ತಲೇ ತಿರುಗೀತು. ದೋಣಿ ಹೊಳೆಯೊಳಗೆ ಸೇರಿ, ಸದ್ದು ದಡಕ್ಕೆ ಹತ್ತಿರವಾಗುವವರೆಗೂ ಅಳಿಯ ಕರೆಯುತ್ತಲೇ ಇದ್ದ, ಮಾವ ನೀರಲ್ಲಿ ಕೂತೇ ಇದ್ದ.